ಮೋಟಾರು ಜಡೆಸ್ವಾಮಿ ಡಿಸ್ಕಿಗೆ ಕಿವಿ ಕೊಟ್ಟದ್ದು

ತಾಳವಾಡಿಯಲ್ಲಿ ಜಡೆಸ್ವಾಮಿ ಎಂದರೆ ನಾಲ್ಕು ಮಂದಿ ಸಿಗುತ್ತಾರೆ. ಮೋಟಾರು ಜಡೆಸ್ವಾಮಿ ಎಂದರೆ ಒಬ್ಬರೇ. ಬಸ್ ನಿಲ್ದಾಣದಿಂದ ದೊಡ್ಡಗಾಜನೂರಿನ ಕಡೆ ಹೋಗುವ ರಸ್ತೆಯಲ್ಲಿ ಗೊಬ್ಬರದ ಅಂಗಡಿ ದಾಟಿದರೆ ಒಂದೇ ಗೋಡೆ ಹಂಚಿಕೊಂಡ ಎರಡು ಮಳಿಗೆಗಳಿವೆ. ಬಲಗಡೆಯದು ಅವರದು. ಎಡಗಡೆಯದರಲ್ಲಿ ನಾನು ಜೆರಾಕ್ಸ್ ಯಂತ್ರ ಇಟ್ಟುಕೊಂಡು ಜನರಿಗೆ ಮನು ಬರೆದುಕೊಡುತ್ತೇನೆ. ಊರು ತಮಿಳು ಗಡಿಯ ಒಳಗಿರುವುದರಿಂದ ಅರ್ಜಿಗೆ ಇಲ್ಲಿ ಎಲ್ಲರೂ ತಮಿಳಿನವರಂತೆ ಮನು ಎಂದೇ ಹೇಳುವುದು. ಗೋಡೆಯ ಆಚೆ ಆಡಿದ ಮಾತು ಈಚೆಗೆ ಕೇಳುತ್ತದೆ. ಹದಿನಾರು ವರ್ಷದಿಂದ ಕೇಳಿಸಿಕೊಂಡಿದ್ದೇನೆ.

ಅವರು ದೊಡ್ಡಗಾಜನೂರಿನವರು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಚಾಮರಾಜನಗರದ ಒಂದು ಅಂಗಡಿಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿತು ಬಂದು ಸ್ವಂತ ಅಂಗಡಿ ಹಾಕಿದರು. ಮೋಟಾರಿನ ಕೆಲಸದವರಿಗೆ ಒಂದು ಅಭ್ಯಾಸವಿದೆ. ಓಡುತ್ತಿರುವ ಮೋಟಾರಿನ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಮರದ ಹಿಡಿಯನ್ನು ಕಿವಿಗೆ ಹಚ್ಚುತ್ತಾರೆ. ಒಳಗೆ ಬೇರಿಂಗ್ ಸವೆದಿದೆಯೋ, ಏನಾದರೂ ಉಜ್ಜುತ್ತಿದೆಯೋ, ಬಿಚ್ಚುವ ಮೊದಲೇ ತಿಳಿಯುತ್ತದೆ. ಜಡೆಸ್ವಾಮಿಯವರ ಬಲಗಿವಿಯ ಮೇಲ್ಭಾಗದಲ್ಲಿ ಆ ಹಿಡಿ ತಾಗಿ ತಾಗಿ ಚರ್ಮ ಗಟ್ಟಿಯಾಗಿದೆ.

ಕಂಪ್ಯೂಟರಿನ ಕಡೆಗೆ ಅವರು ತಿರುಗಿದ್ದು ಸರ್ಕಾರ ಹನ್ನೆರಡನೇ ತರಗತಿಯ, ಅಂದರೆ ಪ್ಲಸ್ ಟೂ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚುತ್ತಿದ್ದ ಕಾಲದಲ್ಲಿ. ಅವರ ತಂಗಿಯ ಮಗಳು ಸುನೀತಳ ಲ್ಯಾಪ್‌ಟಾಪ್ ಒಂದು ದಿನ ಕಪ್ಪು ಪರದೆಯ ಮೇಲೆ ಎರಡು ಸಾಲು ಬಿಳಿ ಅಕ್ಷರ ತೋರಿಸಿ ನಿಂತುಬಿಟ್ಟಿತು. ರಿಪೇರಿಗೆ ದಿಂಬಂ ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಬೇಕು. "ಅಷ್ಟು ದೂರ ಯಾಕ, ನಾನೇ ನೋಡ್ತೀನಿ ಬುಡು" ಎಂದು ಅವರು ಇಟ್ಟುಕೊಂಡರು. ಅದರಲ್ಲಿ ಇದ್ದದ್ದು ಲಿನಕ್ಸ್. ಅವರು ಆ ಎರಡು ಸಾಲನ್ನು ಅಕ್ಷರ ಅಕ್ಷರವಾಗಿ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು ನನ್ನ ಅಂಗಡಿಗೆ ಬಂದರು. ನನ್ನ ಮೇಜಿನ ಮೇಲೆ ಒಂದು ಇಂಗ್ಲಿಷ್ ಕನ್ನಡ ನಿಘಂಟು ಇತ್ತು. ಇಬ್ಬರೂ ಇಂಗ್ಲಿಷನ್ನು ಶಾಲೆಯಲ್ಲಿ ಸರಿಯಾಗಿ ಕಲಿತವರಲ್ಲ. ಒಂದೊಂದೇ ಪದ ಹುಡುಕಿ ಒಂದು ಮಧ್ಯಾಹ್ನದಲ್ಲಿ ಅರ್ಥ ಮಾಡಿಕೊಂಡೆವು. ಯಂತ್ರ ಹೇಳುತ್ತಿದ್ದುದು ಇಷ್ಟೇ: ನಾನು ಏಳುವುದಕ್ಕೆ ಬೇಕಾದದ್ದನ್ನು ಇಟ್ಟಿದ್ದ ಜಾಗ ನನಗೆ ಕಾಣುತ್ತಿಲ್ಲ, ನೀವು ತೋರಿಸಿ.

ತೋರಿಸಲು ಅವರಿಗೆ ಹನ್ನೊಂದು ದಿನ ಬೇಕಾಯಿತು. ತೋರಿಸಿದ ದಿನ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದರು: "ಈ ಲಿನಕ್ಸು ಸುಳ್ಳು ಯೋಳಲ್ಲ ಕಣಕ್ಕ. ಎಲ್ಲಿ ನೋಯ್ತದ ಅಂತ ತಾನೇ ಯೋಳ್ತದ. ಓದಕ್ಕ ನಮ್ಗ ತಾಳ್ಮ ಇರ್ಬೇಕು."

ಆಮೇಲೆ ಮೆಲ್ಲಗೆ ಜನ ಬರತೊಡಗಿದರು. ಶಾಲೆಗಳ ಹಳೆಯ ಯಂತ್ರ, ಸಂಘಗಳಿಗೆ ಯಾರೋ ದಾನ ಕೊಟ್ಟ ಯಂತ್ರ, ಹೊಸ ತಂತ್ರಾಂಶ ಹಾಕಿದರೆ ತೆವಳುವ ಯಂತ್ರ. ಅವಕ್ಕೆಲ್ಲ ಲಿನಕ್ಸ್ ಹಾಕಿ ನಡೆಸಿಕೊಟ್ಟರು. ಹೊಗಳಿಕೆಯೂ ಬಂತು. ಆ ಹೊಗಳಿಕೆಯ ಕಾಲದಲ್ಲೇ ಅವರ ಕೈಯಿಂದ ಒಂದು ಕೆಟ್ಟ ಕೆಲಸ ಆಯಿತು. ಸರೋಜಾ ಟೀಚರ್ ತಮ್ಮ ಕಂಪ್ಯೂಟರ್ ತಂದರು. ಅದು ಏಳುವಾಗ, ಫೈಲುಗಳ ಲೆಕ್ಕ ತಪ್ಪಿದೆ, ಸರಿಪಡಿಸಲೇ ಎಂದು ಕೇಳುತ್ತಿತ್ತು. ಜಡೆಸ್ವಾಮಿ ಪ್ರತಿ ಪ್ರಶ್ನೆಗೂ ಹೌದು, ಹೌದು ಎಂದು ಒತ್ತುತ್ತಾ ಹೋದರು. ಡಿಸ್ಕೇ ಸಾಯುತ್ತಿದೆ ಎಂದು ಅವರು ನೋಡಿರಲಿಲ್ಲ. ಸಾಯುವ ಡಿಸ್ಕಿನ ಮೇಲೆ ಬರೆಯಹೋದದ್ದರಿಂದ ಅದು ನಡುವೆಯೇ ನಿಂತಿತು. ಟೀಚರು ಹದಿನಾಲ್ಕು ವರ್ಷ ಮಕ್ಕಳಿಗೆಂದು ಕೂಡಿಸಿದ್ದ ಪಾಠಗಳೆಲ್ಲ ಹೋದವು. ಜಡೆಸ್ವಾಮಿ ಅವರ ಮನೆಗೆ ಹೋಗಿ, ನಿಂತುಕೊಂಡೇ ವಿಷಯ ಹೇಳಿದರಂತೆ. ಟೀಚರು ಕಾಫಿ ಕೊಟ್ಟರು.

"ಬೈದಿದ್ರ ಚೆಂದಾಗಿತ್ತು" ಎಂದು ಜಡೆಸ್ವಾಮಿ ನನ್ನಲ್ಲಿ ಹೇಳಿದ್ದುಂಟು. ಅಂದಿನಿಂದ ಅವರ ಅಂಗಡಿಯಲ್ಲಿ ಒಂದು ನಿಯಮ. ಮೊದಲು ಕಿವಿ, ಆಮೇಲೆ ನಕಲು, ನಕಲಿನ ಮೇಲೆ ರಿಪೇರಿ. ಮೂಲದ ಮೇಲೆ ಒಂದು ಅಕ್ಷರವನ್ನೂ ಬರೆಯುವಂತಿಲ್ಲ.

ಹೋದ ವರ್ಷ ಅತ್ತಿಗುಳಿ ಪೋಡಿನ ಮಾದಕ್ಕ ತಮ್ಮ ಸಂಘದ ಕಂಪ್ಯೂಟರ್ ಡಬ್ಬ ತಂದಾಗ ಆ ನಿಯಮ ಪರೀಕ್ಷೆಗೆ ಬಂತು.

ಅತ್ತಿಗುಳಿ ತಿಗನಾರೆಯಿಂದ ಮೇಲೆ, ಕಾಡಿನ ಅಂಚಿನಲ್ಲಿರುವ ಮೂವತ್ತೆರಡು ಮನೆಗಳ ಪೋಡು. ಸೋಲಿಗರ ಊರಿಗೆ ಪೋಡು ಎನ್ನುತ್ತಾರೆ. ಮಾದಕ್ಕ ಅಲ್ಲಿಯ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ನಲವತ್ತರ ಹೆಂಗಸು, ಮಾತು ಕಡಿಮೆ, ಹಿಡಿದ ಕೆಲಸ ಬಿಡುವವಳಲ್ಲ. ಸಮಿತಿಯ ಮನುಗಳನ್ನೆಲ್ಲ ನನ್ನಲ್ಲೇ ಬರೆಸುತ್ತಿದ್ದುದರಿಂದ ವಿಷಯ ನನಗೂ ಗೊತ್ತಿತ್ತು. ತಮ್ಮ ಹಿರಿಯರು ಪೂಜೆಗೂ ಜೇನಿಗೂ ದನಕ್ಕೂ ಬಳಸುತ್ತ ಬಂದ ಕಾಡಿನ ಮೇಲೆ ಸಮುದಾಯದ ಹಕ್ಕು ಬೇಕೆಂದು ಪೋಡಿನವರು ಕೇಳಿದ್ದರು. ಅಂಥ ಕೇಳಿಕೆಗೆ ಹಿರಿಯರ ಹೇಳಿಕೆ ಒಂದು ಸಾಕ್ಷ್ಯ. ವಿಚಾರಣೆ ಮುಂದಿನ ಬುಧವಾರ ಎಂದು ನೋಟೀಸು ಬಂದಿತ್ತು.

ಪೋಡಿನ ದೊಡ್ಡ ಹಿರಿಯ ಸಿದ್ದಜ್ಜ. ವರ್ಷಕ್ಕೊಮ್ಮೆ ಅವರು ಕಾಡಿನ ಏಳು ಸ್ಥಳಗಳ ದೇವರುಗಳನ್ನು ಹೆಸರು ಹಿಡಿದು ಕರೆಯುವ ಪದ ಹಾಡುತ್ತಿದ್ದರು. ಯಾವ ಹಳ್ಳ ದಾಟಿ, ಯಾವ ಬಂಡೆ ಬಳಸಿ, ಯಾವ ಮರದ ಕೆಳಗೆ, ಎಲ್ಲ ಅದರಲ್ಲಿ ಸಾಲಾಗಿ ಬರುತ್ತದೆ. ಮೊದಲ ನಾಲ್ಕು ಸ್ಥಳ, ಅಬ್ಬಿಯೂ ಸೇರಿ, ಅದರ ಈಚೆ. ಅಬ್ಬಿ ಎಂದರೆ ಅಲ್ಲಿಯ ಜಲಪಾತ. ಅವುಗಳ ಬಗ್ಗೆ ಯಾರ ತಕರಾರೂ ಇಲ್ಲ. ಉಳಿದ ಮೂರು ಆಚೆ. ಹಕ್ಕಿನ ಪ್ರಶ್ನೆ ಇದ್ದದ್ದೇ ಆ ಮೂರರ ಮೇಲೆ. ಎರಡು ವರ್ಷದ ಹಿಂದೆ ಮಾದಕ್ಕ ಒಂದು ಸಣ್ಣ ರೆಕಾರ್ಡರಿನಲ್ಲಿ ಪದವನ್ನು ಪೂರ್ತಿ ಹಿಡಿದು, ಜಡೆಸ್ವಾಮಿಯೇ ಲಿನಕ್ಸ್ ಹಾಕಿಕೊಟ್ಟಿದ್ದ ಸಂಘದ ಕಂಪ್ಯೂಟರಿಗೆ ಹಾಕಿದ್ದಳು. ಮರು ಮಳೆಗಾಲದಲ್ಲಿ ಸಿದ್ದಜ್ಜ ತೀರಿಕೊಂಡರು. ರೆಕಾರ್ಡರಿನ ಕಾರ್ಡಿನಲ್ಲಿ ಬೇರೆ ಸಭೆಗಳು ತುಂಬಿಕೊಂಡವು. ಪದ ಉಳಿದದ್ದು ಆ ಡಬ್ಬದಲ್ಲಿ ಮಾತ್ರ.

ಡಬ್ಬ ಏಳುತ್ತಿಲ್ಲ ಎಂದು ಅವಳು ಮೊದಲು ಪರದೆಯ ಫೋಟೋ ಕಳಿಸಿ ಫೋನ್ ಮಾಡಿದಳು. ಕಪ್ಪು ಪರದೆ ತುಂಬ ಒಂದೇ ಸಾಲು ಮತ್ತೆ ಮತ್ತೆ: ಓದಲು ಆಗುತ್ತಿಲ್ಲ, ಓದಲು ಆಗುತ್ತಿಲ್ಲ. ಜಡೆಸ್ವಾಮಿ ಫೋನಿನ ಸ್ಪೀಕರ್ ಹಾಕಿದ್ದರು.

"ಎಷ್ಟು ಸಲ ಆನ್ ಮಾಡುದ್ರಿ ಮಾದಕ್ಕ?"

"ಒಂದ್ ಹದ್ನೈದು ಸಲ ಇರ್ಬೋದಣ್ಣ. ಒಂದ್ಸಲ ಅಲ್ದಿದ್ರ ಒಂದ್ಸಲ ಬತ್ತದೇನೋ ಅಂತ."

"ವೈರ ಕಿತ್ತು ಮಡುಗು. ಇನ್ನೊಂದ್ ಸಲ ಯಾರಾರ ಗುಂಡಿ ಒತ್ತುದ್ರ ನಾನು ಮುಟ್ಟಲ್ಲ, ಈಗ್ಲೇ ಯೋಳಿವ್ನಿ."

ಮರುದಿನ ಬೆಳಗ್ಗೆ, ಗುರುವಾರ, ಹಾಲಿನ ವ್ಯಾನಿನಲ್ಲಿ ಡಬ್ಬವನ್ನು ದುಪ್ಪಟಿಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಜಡೆಸ್ವಾಮಿ ಬಿಚ್ಚುವ ಮೊದಲು ಕೇಳಿದರು:

"ನಾನು ಯುಪಿಎಸ್ ಕೊಟ್ಟಿದ್ದೆ. ಎಲ್ಲದ?"

"ಅದ. ಬ್ಯಾಟ್ರಿ ಇಲ್ಲ."

"ಬ್ಯಾಟ್ರಿ ಎಲ್ಲದ?"

ಮಾದಕ್ಕ ದುಪ್ಪಟಿ ಮಡಚುತ್ತಾ ಹೇಳಿದಳು: "ಜ್ವಾಳದ ಒಲದಲ್ಲಿ."

ನಡೆದದ್ದು ಹೀಗೆ. ಪೋಡಿನ ಹೊಲಗಳ ಸುತ್ತ ಬಿಸಿಲಿನಿಂದ ನಡೆಯುವ ತಂತಿಬೇಲಿ ಇದೆ. ಜೋಳ ತೆನೆ ಕಟ್ಟಿದ ಹೊತ್ತಿಗೆ ಸರಿಯಾಗಿ ಬೇಲಿಯ ಬ್ಯಾಟರಿ ಸತ್ತಿತು. ಆನೆಗಳು ಎರಡು ಸಲ ನುಗ್ಗಿ ಹೋದವು. ಮೂರನೆಯ ದಿನ ಮಾದಕ್ಕನೇ ಯುಪಿಎಸ್ಸಿನ ಬ್ಯಾಟರಿ ಬಿಚ್ಚಿ ಬೇಲಿಗೆ ಕೊಟ್ಟಳು. ವೋಲ್ಟೇಜ್ ಎರಡಕ್ಕೂ ಒಂದೇ. ಹದಿನೈದು ದಿನದ ಮಟ್ಟಿಗೆ ಎಂದುಕೊಂಡದ್ದು ನಾಲ್ಕು ತಿಂಗಳಾಯಿತು. ಕಂಪ್ಯೂಟರು ಬರಿಯ ಕರೆಂಟಿನ ಮೇಲೆ ಓಡಿತು. ಅಲ್ಲಿಯ ಕರೆಂಟು ಗಾಳಿ ಬೀಸಿದರೆ ಹೋಗುತ್ತದೆ, ಅರ್ಧ ಬಂದು ಮಿಣಮಿಣ ಎನ್ನುತ್ತದೆ. ಬರೆಯುತ್ತಿದ್ದ ಡಿಸ್ಕು ಬರೆಯುತ್ತಿದ್ದ ಹಾಗೇ ಎಷ್ಟು ಸಲ ನಿಂತಿತೋ.

"ಆನ ನಿಂತ್ವಾ?" ಎಂದರು ಜಡೆಸ್ವಾಮಿ.

"ನಿಂತ್ವು."

"ಅಂಗಾದ್ರ ಬ್ಯಾಟ್ರಿದೇನೂ ತಪ್ಪಿಲ್ಲ ಬುಡು."

ಮಾದಕ್ಕ ನಗಲಿಲ್ಲ. "ತಪ್ಪು ನಂದೇ ಅಣ್ಣ. ಬ್ಯಾಟ್ರಿ ಬಿಚ್ಚುದವ್ಳು ನಾನೇ. ಅಜ್ಜನ ಪದ ಓಯ್ತು ಅಂದ್ರ ಪೋಡಿನೋರ ಮೊಕ ಎಂಗ ನೋಡ್ಲಿ?"

ಅವರು ಡಬ್ಬ ಬಿಚ್ಚಿದರು. ಮೊದಲು ಡಿಸ್ಕನ್ನು ಅನುಮಾನಿಸಲಿಲ್ಲ. ಕೇಬಲ್ ಬದಲಿಸಿದರು. ಮೀಟರು ಹಿಡಿದು ನೋಡಿದರೆ ಹನ್ನೆರಡು ವೋಲ್ಟ್ ಇರಬೇಕಾದ ಕಡೆ ಹತ್ತೂವರೆ ಇತ್ತು. ಪವರ್ ಡಬ್ಬಿ ಬದಲಿಸಿದರು. ಗಡಿಯಾರ ನಡೆಸುವ ಗುಂಡಿಯಷ್ಟಗಲದ ಸೆಲ್ಲು ಸತ್ತೇ ಎಷ್ಟೋ ಕಾಲವಾಗಿತ್ತು. ಆಮೇಲೆ ಡಿಸ್ಕನ್ನು ಹೊರತೆಗೆದು, ತಮ್ಮ ಯಂತ್ರಕ್ಕೆ ಸಿಕ್ಕಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಮೆತ್ತಗೆ ಅದರ ಅಂಚಿಗೆ ಇಟ್ಟು ಹಿಡಿಯನ್ನು ಕಿವಿಗೆ ಹಚ್ಚಿದರು.

ಊಟದ ಡಬ್ಬಿ ಹಿಡಿದು ಬಂದ ಹೆಂಡತಿ ಶಾಂತಮಲ್ಲಮ್ಮ ಬಾಗಿಲಲ್ಲೇ ನಿಂತು ಮಾದಕ್ಕನಿಗೆ ಹೇಳಿದರು: "ನೋಡವ್ವ. ನಾನು ಮೂರ್ ಸಲ ಕೂಗುದ್ರೂ ಆ ಕಿವಿಗ ಬೀಳಲ್ಲ. ಅಂಗೈ ಅಗಲದ ಡಬ್ಬಿ ಗೊಣಗುದ್ರ ಉಸ್ರು ಬಿಗಿ ಹಿಡ್ಕಂಡು ಕೇಳ್ತಾರ."

"ಸುಮ್ನಿರು ಮಾರಾಯ್ತಿ. ಇದು ಸಾಯ್ತಾ ಅದ. ನೀನು ಸಾಯಲ್ಲ."

"ಕೇಳಿದ್ಯಾ?" ಎಂದು ಶಾಂತಮಲ್ಲಮ್ಮ ಡಬ್ಬಿ ಇಟ್ಟು ಹೋದರು.

ತಿರುಗುವ ಸದ್ದಿನ ನಡುವೆ ಟಕ್, ಟಕ್ ಎಂದು ಒಂದು ಪೆಟ್ಟು ಬರುತ್ತಿತ್ತಂತೆ. ಒಳಗಿನ ಓದುವ ಮುಳ್ಳು ತನ್ನ ಜಾಗ ಸಿಗದೆ ಹಿಂದೆ ಹೋಗಿ ಮತ್ತೆ ಮುಂದೆ ಬರುವ ಸದ್ದು. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಪಟ್ಟಿಯನ್ನೂ ತೆರೆದು ನೋಡಿದರು. ಓದಲಾಗದ ಜಾಗಗಳು ಸಾವಿರದ ಮೇಲಿದ್ದವು. ರಿಪೇರಿಯ ಮಾತೇ ಇಲ್ಲ, ಮೊದಲು ನಕಲು.

ನಕಲು ತೆಗೆಯುವ ಲಿನಕ್ಸಿನ ಒಂದು ಸಾಧನವಿದೆ. ಅದು ಹಟ ಮಾಡುವುದಿಲ್ಲ. ಸುಲಭವಾಗಿ ಬರುವುದನ್ನು ಮೊದಲು ತೆಗೆದುಕೊಳ್ಳುತ್ತದೆ, ಕಷ್ಟದ ಜಾಗ ಬಂದರೆ ಗುರುತು ಹಾಕಿ ಮುಂದೆ ಹೋಗುತ್ತದೆ, ಎಲ್ಲ ಮುಗಿದ ಮೇಲೆ ಗುರುತು ಹಾಕಿದ ಕಡೆಗೆ ಮತ್ತೆ ಬರುತ್ತದೆ. ಎಲ್ಲಿಯವರೆಗೆ ಬಂತೆಂದು ಒಂದು ಪಟ್ಟಿ ಬರೆಯುತ್ತಾ ಹೋಗುವುದರಿಂದ ಕರೆಂಟು ಹೋದರೂ ಬಿಟ್ಟಲ್ಲಿಂದ ಹಿಡಿಯಬಹುದು. ಮೇಜಿನ ಫ್ಯಾನನ್ನು ಡಿಸ್ಕಿನ ಕಡೆ ತಿರುಗಿಸಿಟ್ಟು ಅವರು ಅದನ್ನು ಶುರು ಮಾಡಿದರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಬಹುತೇಕ ಬಂದಿತ್ತು. ಬಾರದೆ ಉಳಿದದ್ದು ಸುಮಾರು ನಾನ್ನೂರು ಎಂಬಿ. ನೂರರಲ್ಲಿ ಒಂದು ಭಾಗವೂ ಅಲ್ಲ. ಹಿಂದಿನಿಂದ ಮುಂದಕ್ಕೆ ಓದಿಸಿ ನೋಡಿದರು. ಡಿಸ್ಕನ್ನು ಆರಲು ಬಿಟ್ಟು ಮತ್ತೆ ನೋಡಿದರು. ಮೂರನೆಯ ಸಲ ಅದು ತಿರುಗುವುದನ್ನೇ ನಿಲ್ಲಿಸಿತು.

"ಇದ್ರ ಋಣ ಮುಗೀತು" ಎಂದು ಅದನ್ನು ಒಂದು ಕಾಗದದಲ್ಲಿ ಸುತ್ತಿ ತಾರೀಖು ಬರೆದಿಟ್ಟರು.

ಶನಿವಾರ ಬೆಳಗ್ಗೆ ಮಾದಕ್ಕ ಬಂದಳು. ನಕಲಿನ ಇನ್ನೊಂದು ನಕಲು ಮಾಡಿ, ಅದರ ಮೇಲೆ ರಿಪೇರಿ ಓಡಿಸಿದ್ದರು. ಫೈಲುಗಳು ಸಿಕ್ಕಿದ್ದವು, ಹೆಸರು ಸಿಕ್ಕಿರಲಿಲ್ಲ. ಹೆಸರಿದ್ದ ಪುಟಗಳೇ ಕೆಟ್ಟಿದ್ದವು. ಅಂಥ ದಿಕ್ಕಿಲ್ಲದ ಫೈಲುಗಳನ್ನೆಲ್ಲ ಲಿನಕ್ಸ್ ಒಂದು ಕಡೆ ಕೂಡಿ ಬರಿಯ ನಂಬರು ಹಚ್ಚಿ ಇಡುತ್ತದೆ. ಜಡೆಸ್ವಾಮಿ ಅದಕ್ಕೆ ದೊಡ್ಡಿ ಎನ್ನುತ್ತಾರೆ, ಬೀಡಾಡಿ ದನ ಕೂಡುವ ದೊಡ್ಡಿಯಂತೆ. ಆ ದೊಡ್ಡಿಯಲ್ಲಿ ಇನ್ನೂರ ಹನ್ನೆರಡು ಧ್ವನಿ ಫೈಲುಗಳಿದ್ದವು. ಗಡಿಯಾರದ ಸೆಲ್ಲು ಸತ್ತಿದ್ದರಿಂದ ತಾರೀಖೆಲ್ಲ ಒಂದೇ, ಅದೂ ತಪ್ಪು.

"ಒಂದೊಂದ್ನೂ ಅತ್ತತ್ತು ಸೆಕೆಂಡು ಆಕಿ ನೋಡ್ಬುಟ್ರ ಆಯ್ತು, ಯಾವ್ದು ಏನು ಅಂತ ಗೊತ್ತಾಯ್ತದ" ಎಂದು ಅವರು ಮೌಸಿಗೆ ಕೈ ಹಾಕಿದರು.

ಮಾದಕ್ಕ ಅವರ ಕೈಯ ಮೇಲೆ ತನ್ನ ಕೈ ಇಟ್ಟಳು. "ಬ್ಯಾಡಿ ಅಣ್ಣ."

"ಯಾಕ?"

"ಅಜ್ಜನ ಪದ ಸುರು ಆದ್ಮೇಲ ಅರ್ಧಕ್ಕ ನಿಲ್ಲುಸ್ಬಾರ್ದು. ಕರ್ದ ದೇವ್ರು ಬಂದು ನಿಂತಿರ್ತದ. ಏಳೂ ಕರ್ದು, ಕಡೇಲಿ ಏಳ್ನೂ ಮನಗ ಕಳುಸ್ಬೇಕು. ನಡುವ ಬುಟ್ರ ಅವು ದಾರೀಲೇ ನಿಂತ್ಕತ್ತವ."

"ಮಳ ಬಂದ್ರ?"

"ನೆಂದ್ಕಂಡು ಆಡ್ತಾರ."

"ಇದು ಮಿಷಿನ್ನಲ್ವಾ ಮಾದಕ್ಕ?"

"ಮಿಷಿನ್ನಾದ್ರ ಏನು, ದನಿ ಅಜ್ಜುಂದೆ ಅಲ್ವಾ?"

ಜಡೆಸ್ವಾಮಿ ಕೈ ಹಿಂದಕ್ಕೆ ತೆಗೆದುಕೊಂಡರು. ಅವರ ಮನೆಯಲ್ಲಿ ಇಷ್ಟಲಿಂಗ ಪೂಜೆಯ ನಡುವೆ ಯಾರು ಕರೆದರೂ ಏಳುವುದಿಲ್ಲ. ಈ ಮಾತನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕೇಳದೆ ಹುಡುಕುವ ದಾರಿ ಯೋಚಿಸಿದರು. ಪದ ಒಂದೂವರೆ ಗಂಟೆಯದು ಎಂದು ಮಾದಕ್ಕ ಹೇಳಿದಳು. ಫೈಲುಗಳನ್ನು ಗಾತ್ರದ ಮೇಲೆ ಸಾಲಾಗಿಸಿದರು. ಅಷ್ಟು ಉದ್ದದವು ಒಂಬತ್ತು ಮಾತ್ರ. ಧ್ವನಿಯನ್ನು ಚಿತ್ರವಾಗಿ ತೋರಿಸುವ ತಂತ್ರಾಂಶದಲ್ಲಿ ಒಂದೊಂದನ್ನೇ ಸದ್ದಿಲ್ಲದೆ ತೆರೆದರು. ಸಭೆಗಳ ಧ್ವನಿ ಮುಳ್ಳುಬೇಲಿಯ ಹಾಗೆ ಒತ್ತೊತ್ತಾಗಿತ್ತು.

"ಅಜ್ಜ ಒಂದೊಂದ್ ದೇವ್ರ ಕರ್ದು, ಒಂದ್ ಗಳುಗ ಸುಮ್ನಿರ್ತಿತ್ತು. ಎಲ ಅಡ್ಕ ಆಕ್ಕಳ್ಳ ಅಷ್ಟು ಒತ್ತು" ಎಂದಳು ಮಾದಕ್ಕ.

ಹಾಗಾದರೆ ಚಿತ್ರದಲ್ಲಿ ಏಳು ಗುಡ್ಡ ಕಾಣಬೇಕು, ನಡುನಡುವೆ ತಗ್ಗು. ಆರನೆಯ ಫೈಲು ತೆರೆದಾಗ ಗುಡ್ಡಗಳು ಕಂಡವು. ಮಾದಕ್ಕ ಬೆರಳಿಟ್ಟು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ನಾಲ್ಕರ ಆಚೆ ಕೊನೆಯವರೆಗೆ ಸಪಾಟು ಗೆರೆ.

ಬಾರದೆ ಉಳಿದ ಆ ನಾನ್ನೂರು ಎಂಬಿ ಎಲ್ಲಿಯದೆಂದು ಇಬ್ಬರಿಗೂ ತಿಳಿಯಿತು. ಬಂದದ್ದು ಅಬ್ಬಿಯ ಈಚಿನ ನಾಲ್ಕು. ಯಾರೂ ತಕರಾರು ಮಾಡದ ನಾಲ್ಕು.

ಜಡೆಸ್ವಾಮಿ ಮರೆಮಾಚಲಿಲ್ಲ. "ಮಿಕ್ಕಿದ್ದು ಡಿಸ್ಕಲ್ಲಿ ಇಲ್ಲ ಮಾದಕ್ಕ. ನಾನು ತಗದಿಲ್ಲ ಅಂತಲ್ಲ. ಅಲ್ಲಿ ಈಗ ಏನೂ ಇಲ್ಲ."

ಅವಳು ಗೋಡೆಗೆ ಒರಗಿ ಕುಳಿತಳು. ನಾನು ನೀರು ಕೊಟ್ಟೆ, ಕುಡಿದಳು. ಆಮೇಲೆ ದುಪ್ಪಟಿ ಹೆಗಲಿಗೆ ಹಾಕಿಕೊಂಡು, "ಇದ್ನ ಆಕ್ಬ್ಯಾಡಿ. ನಾನು ಪೋಡಲ್ಲಿ ಕೇಳ್ಕಂಡು ಬತ್ತೀನಿ" ಎಂದು ಹೊರಟಳು. ಏನು ಕೇಳಿಕೊಂಡು ಬರುತ್ತಾಳೆ ಎಂದು ನಾವು ವಿಚಾರಿಸಲಿಲ್ಲ. ಅವಳ ತಪ್ಪನ್ನು ಅವಳು ಹೇಳಲು ಹೋಗುತ್ತಿದ್ದಳು. ನಾನು ಬೆಟ್ಟದ ದೇವರು ಮಾದಪ್ಪನ ಮೇಲೆ ಭಾರ ಹಾಕಿ ನನ್ನ ಅಂಗಡಿಗೆ ಮರಳಿದೆ.

ಸೋಮವಾರ ಬೆಳಗ್ಗೆ ಹತ್ತರ ಹೊತ್ತಿಗೆ ಅವಳ ಜೊತೆ ಒಬ್ಬ ಮುದುಕಿ ಬಂದರು. ಸಿದ್ದಜ್ಜನ ತಂಗಿ ಮಾದಿ. ಎಪ್ಪತ್ತು ದಾಟಿದ, ಕಡ್ಡಿಯಂಥ ದೇಹ. ಕುರ್ಚಿ ಕೊಟ್ಟರೆ ಬೇಡವೆಂದು ನೆಲದ ಮೇಲೆ ಕುಳಿತರು.

"ನಮ್ಮಣ್ಣ ಎಲ್ಲಿ ನಿಂತವ್ನ?" ಎಂದು ಕೇಳಿದರು.

ಜಡೆಸ್ವಾಮಿಗೆ ಮೊದಲು ಅರ್ಥವಾಗಲಿಲ್ಲ. ಮಾದಕ್ಕ ಹೇಳಿದಳು: "ಅಬ್ಬಿ ತಾವ ಅಜ್ಜಿ."

"ಅಬ್ಬಿ ತಾವ. ಅಲ್ಲಿಗ ನಾಕು ಬಂದು ನಿಂತವ. ಸರಿ, ಆಕಪ್ಪ."

ಮಾದಕ್ಕ ಹೆದರಿ, "ಅರ್ಧ ಅದ ಅಜ್ಜಿ ಅದು" ಎಂದಳು.

"ಅರ್ಧ ಅಂತ ನೀನೇ ಬಂದು ಯೋಳ್ದಲ್ಲ. ನೀ ಕೇಳುದ್ರೂ ಅದು ಅರ್ಧ, ಕೇಳ್ದೆ ಇದ್ರೂ ಅರ್ಧ. ಡಬ್ಬ ಮುಚ್ಚಿ ಮಡಗುದ್ರ ಅವು ಮನಗ ಓಯ್ತವಾ? ಯಾರಾರ ಮುಂದುಕ್ಕ ಕರ್ಕಂಡ್ ಓಗ್ಬೇಕು."

"ಎಂಗಸ್ರು ಪದ ಆಡಂಗಿಲ್ವಲ್ಲ?"

"ಆಡಂಗಿಲ್ಲ. ಅರ್ಧಕ್ಕ ಬುಡಂಗೂ ಇಲ್ಲ. ಎರಡ್ರಲ್ಲಿ ಯಾವ್ದು ದೊಡ್ಡದು?" ಮುದುಕಿ ಸೀರೆಯ ಅಂಚಿನಲ್ಲಿ ಬಾಯಿ ಒರೆಸಿಕೊಂಡರು. "ಅರವತ್ತು ವರ್ಷ ಅವ್ನ ಇಂದ್ಗಡ ದೂಪದ ತಟ್ಟ ಇಡ್ಕಂಡು ಕುಂತಿವ್ನಿ. ನನ್ನ ಯಾರಾರ ಕೇಳುದ್ರಾ, ನಿಂಗ ಬತ್ತದಾ ಅಂತ?"

ಅಲ್ಲಿ ನಾಲ್ವರಿದ್ದೆವು. ಜಡೆಸ್ವಾಮಿ ಅಂಗಡಿಯ ಬಾಗಿಲು ಮುಂದೆ ಮಾಡಿದರು. ಚಪ್ಪಲಿ ಹೊರಗೆ ಬಿಟ್ಟು ಬಂದರು, ನಾನೂ ಬಿಟ್ಟೆ. ಫೋನುಗಳನ್ನು ಆರಿಸಿ, ಓಡುತ್ತಿದ್ದ ಬೇರೆ ಯಂತ್ರಗಳನ್ನು ನಿಲ್ಲಿಸಿದರು. ಕರೆಂಟು ಹೋದರೆ ಎಂದು ಬ್ಯಾಟರಿ ನೋಡಿದರು. ಆಮೇಲೆ ಮಾದಿಯವರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, "ಅಜ್ಜಿ, ನೀವು ಆಡದ್ನೂ ಇಡ್ಕೊಳ್ಳಲಾ?" ಎಂದು ರೆಕಾರ್ಡರು ತೋರಿಸಿದರು.

"ಒಂದ್ರಲ್ಲೇ ಮಡುಗ್ಬುಟ್ಟು ಮತ್ತ ಜ್ವಾಳದ ಒಲಕ್ಕ ಬ್ಯಾಟ್ರಿ ಕೊಟ್ಬುಟ್ಟೀರಿ."

"ಮೂರು ಕಡ ಮಡುಗ್ತೀನಿ."

"ಅಂಗಾರ ಇಡ್ಕೊ."

ಸಿದ್ದಜ್ಜನ ಧ್ವನಿ ಶುರುವಾಯಿತು. ತೆಳ್ಳಗಿನ, ಸ್ವಲ್ಪ ಸೀಳಿದ ಧ್ವನಿ. ಕಲ್ಲುಗುಡಿ, ಮಾರಿಯ ಮರ, ಜೇನುಬಂಡೆ. ಪ್ರತಿ ಸ್ಥಳಕ್ಕೂ ದಾರಿ, ಅಲ್ಲಿಯ ಮರ, ಅಲ್ಲಿ ಮಲಗಿರುವ ಹಿರಿಯರ ಹೆಸರು. ಐವತ್ತು ನಿಮಿಷದ ಹೊತ್ತಿಗೆ ನಾಲ್ಕನೆಯದಾದ ಅಬ್ಬಿಗೆ ಬಂತು. ಜಡೆಸ್ವಾಮಿ ಪರದೆಯ ಮೇಲೆ ಸಾಗುವ ಗೆರೆಯನ್ನು ನೋಡುತ್ತಾ ಕುಳಿತಿದ್ದರು. ಸಪಾಟು ಹತ್ತಿರ ಬರುತ್ತಿದ್ದಂತೆ ಮುದುಕಿಗೆ ಕೈ ಎತ್ತಿ ತೋರಿಸಲು ಹೊರಟರು. ತೋರಿಸುವ ಅಗತ್ಯ ಬೀಳಲಿಲ್ಲ. ಧ್ವನಿ ಒಂದು ಪದದ ನಡುವೆ ಕತ್ತರಿಸಿ ಹೋಯಿತು. ಮಾದಿ ಆ ಪದವನ್ನು ಮುಗಿಸಿ ಮುಂದಕ್ಕೆ ನಡೆದರು.

ಅವರು ದೊಡ್ಡದಾಗಿ ಹಾಡಲಿಲ್ಲ. ಮಗುವಿಗೆ ದಾರಿ ಹೇಳುವವರ ಹಾಗೆ ಕೆಳಧ್ವನಿಯಲ್ಲಿ ಹೇಳುತ್ತಾ ಹೋದರು. ಅಬ್ಬಿ ದಾಟಿ ಎಮ್ಮೆಗುಂಡಿ. ಅಲ್ಲಿಂದ ಬಿದಿರುಮೆಳೆ ಬಳಸಿ ಹಳೆಪೋಡು. ಹಳೆಪೋಡಿನಲ್ಲಿ ಹನ್ನೊಂದು ಮಂದಿ ಹಿರಿಯರ ಹೆಸರು. ಆಮೇಲೆ ತಾರೆಮರದ ದಿಬ್ಬ. ನಡುವೆ ಒಂದು ಕಡೆ ನಿಂತರು. ಮರೆತರೇನೋ ಎಂದು ಮಾದಕ್ಕ ಮುಂದಕ್ಕೆ ಬಾಗಿದಳು. ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನ ಮೌನ ಅದು. ಮತ್ತೆ ಶುರುವಾಯಿತು. ಕೊನೆಗೆ ಏಳನ್ನೂ ಬಂದ ದಾರಿಯಲ್ಲೇ ಒಂದೊಂದಾಗಿ ಮನೆಗೆ ಕಳಿಸಿ, ಕೈ ಮುಗಿದು, ನೀರು ಕೇಳಿದರು.

ಮಧ್ಯಾಹ್ನ ನಾನು ಅವರ ಹೇಳಿಕೆ ಬರೆದೆ. ಹೆಬ್ಬೆಟ್ಟು ಒತ್ತಿದರು. ಮಾದಕ್ಕ ಜಡೆಸ್ವಾಮಿಯವರನ್ನು ಕೇಳಿದಳು: "ಎರಡ್ನೂ ಸೇರ್ಸಿ ಒಂದೇ ಮಾಡ್ಕೊಡಿ ಅಣ್ಣ. ನಿಂತದ್ದು ಗೊತ್ತಾಗ್ದಂಗ."

"ಸೇರ್ಸಲ್ಲ."

"ಯಾಕಣ್ಣ?"

"ಎಲ್ಲಿ ನಿಂತದ್ದು, ಎಲ್ಲಿ ಅಜ್ಜಿ ಇಡ್ಕಂಡದ್ದು ಅಂತ ಕೇಳೋರ್ಗ ಗೊತ್ತಾಗ್ಲಿ. ಬೆಸ್ದುಬುಟ್ರ ಒಂದಿನ ಯಾರೋ ಬೆಸ್ಗ ಕಂಡಿಡೀತಾರ. ಆಮೇಲ ನಾಕ್ನೂ ನಂಬಲ್ಲ, ಮೂರ್ನೂ ನಂಬಲ್ಲ."

"ಯಾಕ ನಿಂತ್ತು ಅಂತ ಕೇಳ್ತಾರ."

"ಕೇಳ್ಲಿ. ಯೋಳು."

ಬುಧವಾರ ವಿಚಾರಣೆಯಲ್ಲಿ ಕೇಳಿಯೇ ಕೇಳಿದರು. ಸಭೆ ನಡೆಸುತ್ತಿದ್ದ ಅಧಿಕಾರಿ ತಮಿಳಿನವರು, ಕನ್ನಡ ತಿಳಿಯುತ್ತಿತ್ತು. ಧ್ವನಿ ಅಬ್ಬಿಯಲ್ಲಿ ಏಕೆ ನಿಂತಿದೆ ಎಂದರು. ಜಡೆಸ್ವಾಮಿ ನಕಲಿನ ಪಟ್ಟಿಯನ್ನು ಮುಂದಿಟ್ಟು, ಎಲ್ಲಿಂದ ಎಲ್ಲಿಯವರೆಗೆ ಓದಲಾಗಲಿಲ್ಲ ಎಂಬುದನ್ನು ತೋರಿಸಿದರು. ಡಿಸ್ಕು ಏಕೆ ಕೆಟ್ಟಿತು ಎಂದು ಅಧಿಕಾರಿ ಕೇಳಿದರು. ಮಾದಕ್ಕ ಎದ್ದು ನಿಂತು ಬ್ಯಾಟರಿಯ ಕಥೆಯನ್ನು ಮೊದಲಿಂದ ಹೇಳಿದಳು. ತಪ್ಪು ತನ್ನದು ಎಂದಳು. ಹಿಂದಿನ ಬೆಂಚಿನಲ್ಲಿದ್ದ ಪೋಡಿನ ಚಿಕ್ಕಮಾದ ಎದ್ದು, "ಅವಳೊಬ್ಬಳ್ದೇ ಅಲ್ಲ ಸಾರ್, ಬೇಲಿಗ ಕಟ್ದವ ನಾನು. ಜ್ವಾಳ ತಿಂದೋರು ನಾವೆಲ್ಲಾರೂವೆ" ಎಂದ. ಕೆಲವರು ನಕ್ಕರು. ಮಾದಕ್ಕ ಕುಳಿತಳು.

ಅಧಿಕಾರಿ ಮಾದಿಯವರ ಕಡೆ ತಿರುಗಿ, ಅಜ್ಜಿ ಎಂಬುದನ್ನು ತಮಿಳಿನಲ್ಲಿ ಹೇಳಿ, "ಪಾಟ್ಟಿ, ಅಬ್ಬಿಯ ಆಚೆಯ ಮೂರು ಜಾಗ ಮಾತ್ರ ಹೇಳಿ" ಎಂದರು.

"ಮೂರು ಮಾತ್ರ ಯೋಳಕ್ಕ ಆಗಲ್ಲಪ್ಪ. ಸುರು ಮಾಡುದ್ರ ಒಂದ್ರಿಂದ. ಒಂದೂವರ ಗಂಟ. ನಡುವ ಯಾರೂ ಏಳಂಗಿಲ್ಲ, ಆ ಫೋನೂ ಬಡ್ಕಳಂಗಿಲ್ಲ."

ಅಂದು ಇನ್ನೂ ಎಂಟು ಊರಿನ ವಿಚಾರಣೆ ಉಳಿದಿತ್ತು. ಅಧಿಕಾರಿ ಕಾಗದ ನೋಡಿದರು, ಪಕ್ಕದವರ ಹತ್ತಿರ ಮೆಲ್ಲಗೆ ಮಾತಾಡಿದರು. ಇಲ್ಲಿ ಕೂತು ಕೇಳುವುದಕ್ಕಿಂತ ಆ ಸ್ಥಳಗಳಲ್ಲೇ ನಡೆದು ಕೇಳುವುದು ಸರಿ ಎಂದು ಬರೆಸಿ, ಹದಿನೆಂಟು ದಿನದ ನಂತರದ ತಾರೀಖು ಕೊಟ್ಟರು.

ಆ ದಿನ ಬೆಳಗ್ಗೆ ಏಳಕ್ಕೆ ಕಲ್ಲುಗುಡಿಯಿಂದ ಹೊರಟರು. ಮುಂದೆ ಮಾದಿ, ಹಿಂದೆ ಧೂಪದ ತಟ್ಟೆ ಹಿಡಿದು ಮಾದಕ್ಕ, ಅಳತೆಯವರು, ಅರಣ್ಯದವರು, ಪೋಡಿನವರು. ಜಡೆಸ್ವಾಮಿ ಎರಡು ರೆಕಾರ್ಡರುಗಳನ್ನು ಕೊರಳಿಗೆ ಕಟ್ಟಿಕೊಂಡು ಮುದುಕಿಯ ಮಗ್ಗುಲಲ್ಲೇ ನಡೆದರು. ಪ್ರತಿ ಸ್ಥಳದಲ್ಲೂ ಮಾದಿ ಕರೆದ ಮೇಲೆ, ಎಲೆ ಅಡಿಕೆಯ ಮೌನದಲ್ಲಿ, ಅಳತೆಯವರು ಮಾತಾಡದೆ ಗುರುತು ಹಾಕಿಕೊಂಡರು. ಹಳೆಪೋಡಿನಲ್ಲಿ ಮಾದಿ ಹೆಸರು ಹೇಳಿದ ಹನ್ನೊಂದು ಮಂದಿ ಹಿರಿಯರಿಗೆ ಲಂಟಾನದ ಪೊದೆಯ ಕೆಳಗೆ ನೆಟ್ಟ ಹನ್ನೊಂದು ಸಮಾಧಿ ಕಲ್ಲು ಸಿಕ್ಕವು. ತಾರೆಮರದ ದಿಬ್ಬ ತಲುಪಿದಾಗ ಎರಡು ಗಂಟೆ ದಾಟಿತ್ತು. ಅಲ್ಲಿ ನಿಂತು ಮಾದಿ ಏಳನ್ನೂ ಮನೆಗೆ ಕಳಿಸಿದರು.

ನಕ್ಷೆಯಲ್ಲಿ ಏಳು ಗುರುತುಗಳಾದವು. ಅಧಿಕಾರಿ ಬಂಡೆಯ ಮೇಲೆ ಕಾಗದವಿಟ್ಟು ಸಹಿ ಮಾಡಿದರು, ಮಾದಕ್ಕ ಸಮಿತಿಯ ಪರವಾಗಿ ಮಾಡಿದಳು. ಆದೇಶ ಮೇಲಿನಿಂದ ಬರಬೇಕು, ಇನ್ನೂ ಬಂದಿಲ್ಲ. ಎಲ್ಲರೂ ಬುತ್ತಿ ಬಿಚ್ಚುವಾಗ ಜಡೆಸ್ವಾಮಿ ಮಾತ್ರ ಮರದ ಬುಡದಲ್ಲಿ ಕುಳಿತು, ಎರಡೂ ಕಾರ್ಡುಗಳನ್ನು ಕೊನೆಯವರೆಗೆ ಬಂದಿದೆಯೇ ಎಂದು ಚಿತ್ರದಲ್ಲೇ ನೋಡಿದರು. ಏಳು ಗುಡ್ಡ ಇದ್ದವು. ಆಮೇಲೆ ಕೈ ತೊಳೆದು ಊಟಕ್ಕೆ ಬಂದರು.